ಒಣದ್ರಾಕ್ಷಿ, ಗೋಧಿ ಮತ್ತು ಒಂದು ತುಂಡು ಹಂದಿಮಾಂಸ

ಟೊಲೇಡೊ ಊರಿನ ಸೊಕೊದೊವೇರ್ ಚೌಕದಲ್ಲಿ ಹಸಿರು ಕೊಡೆ ಹಿಡಿದು ನಿಂತಿದ್ದ ಗೈಡ್ ಸುತ್ತ ನಾವು 14 ಜನ ಸೇರಿದಾಗ ಬೆಳಗಿನ ಹನ್ನೊಂದು ಗಂಟೆ. ಮಳೆ ಇರಲಿಲ್ಲ. ಕೊಡೆ ಇದ್ದದ್ದು ಗುಂಪು ತಪ್ಪದಿರಲಿ ಎಂದು. ಮ್ಯಾಡ್ರಿಡ್‌ನಲ್ಲಿ ಅನುವಾದದ ಬಗ್ಗೆ ನಡೆದ ಸಮ್ಮೇಳನವೊಂದರಲ್ಲಿ ಇಪ್ಪತ್ತು ನಿಮಿಷದ ಪ್ರಬಂಧ ಓದಿ ಮುಗಿಸಿ, ಉಳಿದ ಒಂದು ದಿನವನ್ನು ಈ ಊರಿಗೆಂದೇ ಎತ್ತಿಟ್ಟಿದ್ದೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮೂರು ಗಂಟೆಯ ನಡಿಗೆ, ನಡುವೆ ಮೂರು ಕಡೆ ತಾಪಾಸ್. ಹಾಸ್ಟೆಲ್ಲಿನ ಗೆಳತಿಗೆ ಇದನ್ನು ವಾಟ್ಸಾಪಿನಲ್ಲಿ ಹೇಳಿದರೆ, 'ತಪಸ್ಸು ಮಾಡೋಕೆ ಅಷ್ಟು ದೂರ ಹೋಗಬೇಕಿತ್ತೇನೆ?' ಎಂದು ಕೇಳಿದಳು.

ನಾನಿಲ್ಲಿ ಪ್ರವಾಸ ಕಥನ ಬರೆಯುತ್ತಿಲ್ಲ. ಊರು ತೋರಿಸುವ ಇಂಥ ನಡಿಗೆಯನ್ನು ಒಂದು ಪಠ್ಯವಾಗಿ ಓದಬಹುದೇ ಎಂಬುದು ನನ್ನ ಕುತೂಹಲ. ಅದಕ್ಕೆ ನಿರೂಪಕಿ ಇದ್ದಾಳೆ, ಅಧ್ಯಾಯಗಳಿವೆ, ಎಲ್ಲಿ ನಿಲ್ಲಬೇಕು ಎಲ್ಲಿ ಬೇಗ ದಾಟಬೇಕು ಎಂಬ ಲೆಕ್ಕವಿದೆ, ಕೊನೆಗೆ ಸಿಹಿಯೂ ಇದೆ. ದಿನಕ್ಕೆ ಸಾವಿರಾರು ಜನ ಈ ಊರಿನ ಇತಿಹಾಸವನ್ನು ತಿಳಿಯುವುದು ಪುಸ್ತಕದಿಂದಲ್ಲ, ಇಂಥ ನಡಿಗೆಗಳಿಂದ. ಆದರೂ ಅದರ ವಿಮರ್ಶೆಯೆಂದರೆ ಐದರಲ್ಲಿ ಎಷ್ಟು ನಕ್ಷತ್ರ ಎಂಬಲ್ಲಿಗೆ ಮುಗಿಯುತ್ತದೆ. ಪಿಎಚ್.ಡಿ. ಮಾಡುವವರಿಗೆ ಮಿಶೆಲ್ ದ ಸೆರ್ತೋ ಹೆಸರು ಹೇಳದೆ ಪೇಟೆಯಲ್ಲಿ ನಾಲ್ಕು ಹೆಜ್ಜೆ ಇಡಲು ಬರುವುದಿಲ್ಲ ಎಂಬ ತಮಾಷೆ ನಮ್ಮ ವಿಭಾಗದಲ್ಲಿದೆ. ನಡೆಯುವುದೆಂದರೆ ಊರೆಂಬ ಭಾಷೆಯನ್ನು ಆಡುವುದು ಎಂದು ಆತ ಹೇಳಿದ್ದನ್ನು ನೆನೆದು, ಅವನನ್ನು ಇಲ್ಲಿಗೇ ಬಿಡುತ್ತೇನೆ. ಏಕೆಂದರೆ ಕೊಡೆಯ ಹಿಂದೆ ನಡೆಯುವವರು ಆಡುವುದು ತಮ್ಮ ಮಾತನ್ನಲ್ಲ.

ನನಗೆ ಈ ಊರಿನ ಮೇಲೆ ಇನ್ನೊಂದು ಹಕ್ಕು ಇತ್ತು, ಅಥವಾ ಇದೆ ಎಂದುಕೊಂಡಿದ್ದೆ. ನನ್ನ ಸಂಶೋಧನೆ ಕನ್ನಡದ ಕಥಾಸಾಹಿತ್ಯಕ್ಕೂ ಅನುವಾದಕ್ಕೂ ಇರುವ ನಂಟಿನ ಕುರಿತದ್ದು. ಅದರ ಮೊದಲ ಅಧ್ಯಾಯದಲ್ಲಿ ಟೊಲೇಡೊದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. 12ನೆಯ ಶತಮಾನದಲ್ಲಿ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಒಟ್ಟಿಗೆ ಕೂತು ಅರಬಿಯಿಂದ ಲ್ಯಾಟಿನ್ನಿಗೆ ಜ್ಞಾನವನ್ನು ದಾಟಿಸಿದ ಊರು ಎಂದು. ಬಹಳ ಚೆಂದದ ಪ್ಯಾರಾ. ನನ್ನ ಮಾರ್ಗದರ್ಶಕಿ ಅದರ ಅಂಚಿನಲ್ಲಿ ಪೆನ್ಸಿಲಿನಿಂದ 'ಒಟ್ಟಿಗೆ ಅಂದರೆ ಹೇಗೆ?' ಎಂದು ಬರೆದು ಸುಮ್ಮನಾಗಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಗ್ರಂಥಾಲಯದಲ್ಲಿ ಸೋಮಾರಿತನ ಮಾಡಿದವಳು ಊರಿಗೇ ಬಂದಿದ್ದೆ.

ನಮ್ಮ ಗೈಡ್ ಒಳ್ಳೆಯ ಕಥೆಗಾರ್ತಿ. ಇತಿಹಾಸದಲ್ಲಿ ಪದವಿ ಮಾಡಿದವರು, ಈ ಊರಿನಲ್ಲೇ ಹುಟ್ಟಿ ಬೆಳೆದವರು. ಹಿಮ್ಮುಖವಾಗಿ ನಡೆಯುತ್ತಲೇ, ಕಲ್ಲುಹಾಸಿನ ಏರಿನಲ್ಲಿ ಒಮ್ಮೆಯೂ ಎಡವದೆ, ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಸೊಕೊದೊವೇರ್ ಎಂಬ ಹೆಸರು ದನಕರುಗಳ ಸಂತೆ ಎಂಬ ಅರ್ಥದ ಅರಬಿ ಮಾತಿನಿಂದ ಬಂದದ್ದು ಎಂದು ಶುರುಮಾಡಿದರು. 1085ರಲ್ಲಿ ಆರನೆಯ ಅಲ್ಫೊನ್ಸೊ ಈ ಊರನ್ನು ಮುಸ್ಲಿಂ ದೊರೆಯಿಂದ ಪಡೆದದ್ದು, ದೊಡ್ಡ ಮಸೀದಿ ಇದ್ದ ಜಾಗದಲ್ಲಿ 1226ರಿಂದ ಕ್ಯಾಥೆಡ್ರಲ್ ಏಳತೊಡಗಿದ್ದು, ತಾಹೊ ನದಿ ಮೂರು ಕಡೆಯಿಂದ ಊರನ್ನು ಅಪ್ಪಿ ಹರಿಯುವುದು, ಎಲ್ಲವನ್ನೂ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಇದೇ ಚೌಕದಲ್ಲಿ ಇನ್‌ಕ್ವಿಸಿಷನ್ ತನ್ನ ತೀರ್ಪುಗಳನ್ನು ಜನರೆದುರು ಸಾರುವ ಮೆರವಣಿಗೆಗಳನ್ನು ನಡೆಸಿತು ಎಂಬುದಕ್ಕೆ ಒಂದೇ ವಾಕ್ಯ. ಅದರ ಮುಂದಿನ ವಾಕ್ಯ ಗೂಳಿಕಾಳಗದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಎರಡೂ ಒಂದೇ ಬಗೆಯ ಜಾತ್ರೆಯೆಂಬಂತೆ ಕೇಳಿಸಿತು.

ಮೊದಲ ತಾಪಾ ಸಿಕ್ಕಿದ್ದು ಕ್ಯಾಥೆಡ್ರಲ್ಲಿನ ಹಿಂದಿನ ಓಣಿಯ ಒಂದು ಬಾರಿನಲ್ಲಿ. ಮಾಂಚೇಗೊ ಚೀಸಿನ ತ್ರಿಕೋನದ ತುಂಡುಗಳು, ಆಲಿವ್, ಒಂದು ಗ್ಲಾಸು ಕೆಂಪು ವೈನ್. ನಿಂತೇ ತಿನ್ನಬೇಕು. ತಾಪಾ ಎಂದರೆ ಮುಚ್ಚಳ ಎಂದು ವಿವರಿಸಿದ ಗೈಡ್, ಅದರ ಹುಟ್ಟಿನ ಕಥೆ ಹೇಳಿದರು. ಹತ್ತನೆಯ ಅಲ್ಫೊನ್ಸೊ ಎಂಬ ರಾಜನಿಗೆ ಕಾಯಿಲೆಯಾಯಿತಂತೆ. ವೈದ್ಯರು ವೈನಿನ ಜೊತೆ ಚೂರುಚೂರು ತಿನ್ನಬೇಕೆಂದರಂತೆ. ವಾಸಿಯಾದ ಮೇಲೆ, ಹೆಂಡದಂಗಡಿಯವರು ತಿನ್ನಲು ಏನಾದರೂ ಕೊಡದೆ ಬರೀ ವೈನ್ ಕೊಡಕೂಡದು ಎಂದು ಅವನು ಆಜ್ಞೆ ಮಾಡಿದನಂತೆ. ಎಲ್ಲರೂ ನಕ್ಕು ರಾಜನ ಹೆಸರಲ್ಲಿ ಗ್ಲಾಸೆತ್ತಿದರು. ನಾನೂ ಎತ್ತಿದೆ.

ಗ್ಲಾಸು ಕೆಳಗಿಡುವಾಗ ತಲೆಗೆ ಹೊಳೆಯಿತು. ಈ ಹತ್ತನೆಯ ಅಲ್ಫೊನ್ಸೊ ನನಗೆ ಗೊತ್ತಿರುವವನು! 1221ರಲ್ಲಿ ಇದೇ ಟೊಲೇಡೊದಲ್ಲಿ ಹುಟ್ಟಿದವನು. ಇನ್ನೂ ಪಟ್ಟಕ್ಕೆ ಬರುವ ಮೊದಲು, 1251ರ ಸುಮಾರಿಗೆ, ಅರಬಿಯ 'ಕಲೀಲ ವ ದಿಮ್ನ'ವನ್ನು ತನ್ನ ಜನರ ಆಡುಮಾತಾದ ಕ್ಯಾಸ್ಟಿಲಿಯನ್‌ಗೆ ತರಿಸಿದವನು. ಆ ಕಲೀಲ ಮತ್ತು ದಿಮ್ನ ಬೇರಾರೂ ಅಲ್ಲ, ನಮ್ಮ ಪಂಚತಂತ್ರದ ಕರಟಕ ಮತ್ತು ದಮನಕ. ಸಂಸ್ಕೃತದಿಂದ ಪಹ್ಲವಿಗೆ, ಅಲ್ಲಿಂದ 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫನ ಅರಬಿಗೆ, ಮತ್ತೆ ಐನೂರು ವರ್ಷ ಕಳೆದು ಸ್ಪೇನಿಗೆ ಬಂದ ನರಿಗಳು. ಅದಕ್ಕೂ ಎರಡು ಶತಮಾನ ಮೊದಲೇ, 11ನೆಯ ಶತಮಾನದ ಮೊದಲರ್ಧದಲ್ಲಿ, ಚಾಲುಕ್ಯ ಜಯಸಿಂಹನ ಆಸ್ಥಾನದ ಸಂಧಿವಿಗ್ರಹಿ ದುರ್ಗಸಿಂಹ ಅದೇ ಕಥೆಗಳನ್ನು ಕನ್ನಡಕ್ಕೆ ತಂದಿದ್ದ. ಅವನು ಹಿಡಿದದ್ದು ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪರಂಪರೆಯನ್ನು. ನನ್ನ ಸಂಶೋಧನೆಯ ಎರಡನೆಯ ಅಧ್ಯಾಯ ಇರುವುದೇ ಈ ದುರ್ಗಸಿಂಹನ ಮೇಲೆ. ಟೊಲೇಡೊದ ಪ್ಯಾರಾ ಅಲ್ಲಿಗೆ ಬಂದದ್ದು ಹೀಗೆ.

ಇಬ್ನ್ ಅಲ್-ಮುಕಫ್ಫ ಮಾಡಿದ ಒಂದು ಕೆಲಸ ನನಗೆ ಬಲು ಇಷ್ಟ. ಮೂಲದಲ್ಲಿ ಎತ್ತನ್ನೂ ಸಿಂಹವನ್ನೂ ಜಗಳಕ್ಕೆ ಹಚ್ಚಿ ಎತ್ತನ್ನು ಕೊಲ್ಲಿಸಿದ ದಮನಕ ಆರಾಮಾಗಿ ಬದುಕಿಕೊಳ್ಳುತ್ತಾನೆ. ಅರಬಿಯವನಿಗೆ ಅದು ಸರಿಯೆನ್ನಿಸಲಿಲ್ಲವೇನೋ, ದಿಮ್ನನ ವಿಚಾರಣೆ ಎಂಬ ಹೊಸ ಅಧ್ಯಾಯವನ್ನೇ ಸೇರಿಸಿ ಅವನನ್ನು ಕಟಕಟೆಗೆ ಹತ್ತಿಸಿದ. ಕಥೆ ದಾಟುವಾಗ ಯಾರೋ ಒಬ್ಬರು ಹೊಣೆಗಾರರು ಯಾರು ಎಂದು ಕೇಳಿದ್ದರ ಗುರುತು ಅದು. ಈ ಅಧ್ಯಾಯ ಸ್ಪೇನಿಗೂ ಬಂತು.

ಇದೆಲ್ಲ ತಾಪಾಸ್ ನಡಿಗೆಯಲ್ಲಿ ಬರಬೇಕಿತ್ತು ಎಂದು ನಾನು ಹಟ ಹಿಡಿಯುವುದಿಲ್ಲ. ಹಸಿದ ಹದಿನಾಲ್ಕು ಜನರ ಮುಂದೆ ಪಹ್ಲವಿ ಎಂಬ ಪದ ಎತ್ತುವವರು ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಳ್ಳಬೇಕಾದೀತು. ನನ್ನ ಕುತೂಹಲ ಆಯ್ಕೆಯ ಬಗ್ಗೆ. ಹತ್ತನೆಯ ಅಲ್ಫೊನ್ಸೊನ ಬಗ್ಗೆ ಹೇಳಬಹುದಾದ ಮೂರು ವಿಷಯಗಳಿವೆ. ಯಹೂದಿ ವಿದ್ವಾಂಸರನ್ನು ಇಟ್ಟುಕೊಂಡು ಖಗೋಳದ ಕೋಷ್ಟಕಗಳನ್ನೂ ಕಥೆಗಳನ್ನೂ ತನ್ನ ಭಾಷೆಗೆ ತರಿಸಿದ. ಅವನದೇ ಕಾನೂನು ಸಂಹಿತೆ, ಯಹೂದಿಗಳು ಬೇರೆಯವರೆಂದು ಗೊತ್ತಾಗುವಂತೆ ತಲೆಯ ಮೇಲೆ ಗುರುತು ಧರಿಸಬೇಕು ಎಂದು ವಿಧಿಸಿತು. ಮೂರನೆಯದು, ಚೀಸಿನ ತುಂಡು. ಮೊದಲ ಎರಡಕ್ಕೆ ದಾಖಲೆಯಿದೆ. ಮೂರನೆಯದು ದಂತಕಥೆ. ನಡಿಗೆ ಆರಿಸಿಕೊಂಡದ್ದು ಮೂರನೆಯದನ್ನು. ಮೊದಲ ಎರಡನ್ನು ಒಟ್ಟಿಗೆ ಹೇಳಹೊರಟರೆ ಒಬ್ಬನೇ ಮನುಷ್ಯ ಎರಡನ್ನೂ ಹೇಗೆ ಮಾಡಿದ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಒಂದು ಗ್ಲಾಸು ವೈನಿನಷ್ಟು ಹೊತ್ತು ಸಾಲದು.

ಬಾರಿನಿಂದ ಹೊರಟು ಎಲ್ ಗ್ರೆಕೊನ ದೊಡ್ಡ ಚಿತ್ರವಿರುವ ಸಾಂತೊ ತೊಮೆ ಚರ್ಚಿನ ಬಾಗಿಲು ದಾಟಿ ('ಸಮಯವಿದ್ದರೆ ಆಮೇಲೆ ನೋಡಿ') ಯಹೂದಿಗಳ ಹಳೆಯ ಕೇರಿಗೆ ಇಳಿದೆವು. ನೆಲದ ಕಲ್ಲುಗಳ ನಡುವೆ ಅಲ್ಲಲ್ಲಿ ಅಂಗೈಗಿಂತ ಚಿಕ್ಕ ನೀಲಿಬಿಳಿ ಹೆಂಚುಗಳು. ಏಳು ಕವಲಿನ ದೀಪ, ಹೀಬ್ರೂ ಅಕ್ಷರ. ನೀವು ಯಹೂದಿ ಕೇರಿಯಲ್ಲಿದ್ದೀರಿ ಎಂದು ತಿಳಿಸುವ ಗುರುತುಗಳಂತೆ. ಕೇರಿಯಿದೆ, ಗುರುತಿದೆ, ಜನ ಇಲ್ಲ.

ಸಾಂತಾ ಮರಿಯಾ ಲಾ ಬ್ಲಾಂಕಾದ ಒಳಗೆ ಹೋದಾಗ ಎಲ್ಲರ ಮಾತು ನಿಂತಿತು. ಬೆಳ್ಳಗಿನ ಎಂಟು ಮೂಲೆಯ ಕಂಬಗಳು, ಅವುಗಳ ಮೇಲೆ ಕುದುರೆಲಾಳದಂಥ ಕಮಾನುಗಳು, ಸಾಲಿನ ಹಿಂದೆ ಸಾಲು. ಕ್ರೈಸ್ತ ರಾಜರ ಆಳ್ವಿಕೆಯಲ್ಲಿ, ಯಹೂದಿಗಳ ಪ್ರಾರ್ಥನೆಗೆಂದು, ಮುಸ್ಲಿಂ ಕುಶಲಕರ್ಮಿಗಳ ಶೈಲಿಯಲ್ಲಿ ಕಟ್ಟಿದ ಸಿನಗಾಗ್ ಇದು, ಮೂರು ಸಂಸ್ಕೃತಿಗಳ ಊರೆಂದರೆ ಇದೇ ಎಂದರು ಗೈಡ್. ಇಡೀ ನಡಿಗೆಯ ಎತ್ತರದ ಜಾಗ ಇದೇ. ಆಮೇಲೆ, 'ಹದಿನೈದನೆಯ ಶತಮಾನದ ಆರಂಭದಲ್ಲಿ ಇದು ಚರ್ಚ್ ಆಯಿತು' ಎಂದರು.

ಆಯಿತು. ನನ್ನ ನೋಟ್ ಪುಸ್ತಕದಲ್ಲಿ ಆ ದಿನದ ಟಿಪ್ಪಣಿಗಳನ್ನು ತಿರುಗಿಸಿ ನೋಡಿದರೆ ಈ ಕ್ರಿಯಾಪದವೇ ಮತ್ತೆ ಮತ್ತೆ ಸಿಗುತ್ತದೆ. ಮಸೀದಿ ಕ್ಯಾಥೆಡ್ರಲ್ ಆಯಿತು. ಸಿನಗಾಗ್ ಚರ್ಚ್ ಆಯಿತು. ಯಹೂದಿಗಳು ಕ್ರೈಸ್ತರಾದರು. ಹಾಲು ಮೊಸರಾದಂತೆ, ಹೊತ್ತು ಕಳೆದಾಗ ತಾನಾಗಿ ಆಗುವ ಸಂಗತಿಗಳಂತೆ. ಕನ್ನಡದಲ್ಲಿ ಆಗುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಶಾಲೆಯ ಮಗುವಿಗೂ ಗೊತ್ತು. ಲೋಟ ಒಡೆಯಿತು ಎನ್ನುವ ಮಗು ಯಾಕೆ ಹಾಗನ್ನುತ್ತದೆ ಎಂಬುದು ಅಮ್ಮನಿಗೆ ಗೊತ್ತು. 1391ರಲ್ಲಿ ಕ್ಯಾಸ್ಟಿಲ್‌ನ ಊರೂರುಗಳಲ್ಲಿ, ಟೊಲೇಡೊದಲ್ಲೂ, ಯಹೂದಿಗಳ ಮೇಲೆ ಗುಂಪುಗಳು ಬಿದ್ದು ಕೊಂದವು. ಸಾವಿರಾರು ಜನ ಜೀವ ಉಳಿಸಿಕೊಳ್ಳಲು ಮತಾಂತರವಾದರು. ಇಷ್ಟಾದ ಮೇಲೆ 'ಆಯಿತು' ಎಂಬ ಪದ ಬರುತ್ತದೆ. ನಾನೂ ನೋಟ್ ಪುಸ್ತಕದಲ್ಲಿ ಹಾಗೇ ಬರೆದುಕೊಂಡಿದ್ದೆ, ಒಮ್ಮೆಯೂ ಪೆನ್ನು ತಡೆಯಲಿಲ್ಲ.

ನಡಿಗೆಯ ಎರಡನೆಯ ತಾಪಾ ಇಲ್ಲಿಂದ ಐದು ನಿಮಿಷದ ದೂರದಲ್ಲಿ. ಈ ಪ್ರಕಾರದ ಕಟ್ಟಡ ಕೌಶಲ ಗೊತ್ತಾಗುವುದೇ ಇಲ್ಲಿ. ಭಾರವಾದ ಜಾಗವೊಂದು ಬಂದ ಕೂಡಲೇ ಒಂದು ತಟ್ಟೆ ಬರುತ್ತದೆ. ಯಾರಾದರೂ 'ಆಮೇಲೆ ಆ ಜನ ಏನಾದರು?' ಎಂದು ಕೇಳುವ ಮೊದಲು ಬಾಯಿಗೆ ಕೆಲಸ ಸಿಗುತ್ತದೆ. ಯಕ್ಷಗಾನದಲ್ಲಿ ಹಾಸ್ಯಗಾರ ಬರುವುದು ಹೀಗೇ, ಆದರೆ ಅವನು ಹೋದ ಮೇಲೆ ಕಥೆ ನಿಂತಲ್ಲಿಂದ ಮುಂದುವರಿಯುತ್ತದೆ. ಇಲ್ಲಿ ಅದು ಮುಂದಿನ ಓಣಿಗೆ ಜಿಗಿಯುತ್ತದೆ.

ತಟ್ಟೆಯಲ್ಲಿ ಇದ್ದದ್ದು ಕಾಗದದಷ್ಟು ತೆಳುವಾಗಿ ಹೆರೆದ ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಯ ತೊಡೆ. ಜೊತೆಗೆ ಮಣ್ಣಿನ ಬಟ್ಟಲಲ್ಲಿ ಕಾರ್ಕಾಮುಸಾಸ್, ಇದು ಈ ಊರಿನದೇ ಅಡುಗೆ, ಹಂದಿಮಾಂಸ ಟೊಮೆಟೊ ಬಟಾಣಿ ಹಾಕಿ ಬೇಯಿಸಿದ ಸಾರು. ನಾನು ಬ್ರೆಡ್ಡು ಅದ್ದಿ ತಿನ್ನತೊಡಗಿದೆ. ಪಕ್ಕದಲ್ಲಿದ್ದ ಒಬ್ಬಾಕೆ ಅಚ್ಚರಿಯಿಂದ, 'ನೀವು ಭಾರತದವರಲ್ಲವಾ? ನಿಮ್ಮ ಧರ್ಮದಲ್ಲಿ ಇದು ನಡೆಯುತ್ತದಾ?' ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಾನು ಕೊಡಗಿನವಳು, ನಮ್ಮ ಮನೆಯಲ್ಲಿ ಹಬ್ಬವೆಂದರೆ ಪಂದಿ ಕರಿ ಎಂದು ಹೇಳಿದೆ. ಕಚಂಪುಳಿಯ ಬಗ್ಗೆ ವಿವರಿಸಲು ಹೋಗಿ ಸೋತೆ. ಈ ಸಾರಿಗೆ ಅದೊಂದು ಚಮಚ ಬಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಂಡೆ.

ಆದರೆ ಆ ಪ್ರಶ್ನೆ ಗಂಟಲಲ್ಲಿ ಉಳಿಯಿತು. ಮೈಸೂರಿನಲ್ಲಿ ಎಂ.ಎ. ಓದುವಾಗ ಬಾಡಿಗೆಗೆ ಕೋಣೆ ಹುಡುಕಿದ ದಿನಗಳು ನೆನಪಾದವು. ಮೊದಲ ಪ್ರಶ್ನೆ ಹೆಸರು, ಎರಡನೆಯದು 'ವೆಜ್ಜಾ?'. ಮೂರು ಮನೆ ತಪ್ಪಿದ ಮೇಲೆ ನಾಲ್ಕನೆಯ ಮನೆಯಲ್ಲಿ 'ವೆಜ್' ಎಂದೆ. ಕೋಣೆ ಸಿಕ್ಕಿತು. ಎರಡು ತಿಂಗಳಿಗೊಮ್ಮೆ ಅವ್ವ ಮಡಿಕೇರಿ ಬಸ್ಸಿನಲ್ಲಿ ಡಬ್ಬಿ ಕಳಿಸಿದಾಗ ಕಿಟಕಿ ಮುಚ್ಚಿ, ಬಿಸಿ ಮಾಡದೆ, ಊದುಬತ್ತಿ ಹಚ್ಚಿಟ್ಟು ತಿನ್ನುತ್ತಿದ್ದೆ. ಮನೆ ಮಾಲೀಕರಿಗೆ ನಾನು ದೈವಭಕ್ತೆ ಎಂಬ ಅಭಿಪ್ರಾಯ ಬಂದಿತ್ತು.

ಟೊಲೇಡೊದಲ್ಲಿ ಇನ್‌ಕ್ವಿಸಿಷನ್ನಿನ ನ್ಯಾಯಪೀಠ ಬಂದದ್ದು 1485ರಲ್ಲಿ. ಮತಾಂತರಗೊಂಡು ಕ್ರೈಸ್ತರಾದವರು ಒಳಗೊಳಗೇ ಹಳೆಯ ಧರ್ಮ ಪಾಲಿಸುತ್ತಿದ್ದಾರೆಯೇ ಎಂದು ಪತ್ತೆಹಚ್ಚುವುದು ಅದರ ಕೆಲಸ. ಏನೇನನ್ನು ಕಂಡರೆ ಬಂದು ಹೇಳಬೇಕು ಎಂಬ ಪಟ್ಟಿಯನ್ನು ಚರ್ಚುಗಳಲ್ಲಿ ಓದಿ ಹೇಳುತ್ತಿದ್ದರು. ಶುಕ್ರವಾರ ಸಂಜೆ ದೀಪ ಹಚ್ಚುವುದು, ಶನಿವಾರ ಮಡಿ ಬಟ್ಟೆ ಉಡುವುದು, ಮಾಂಸದ ಕೊಬ್ಬು ತೆಗೆಯುವುದು, ಹಂದಿಯ ಕೊಬ್ಬಿನ ಬದಲು ಎಣ್ಣೆಯಲ್ಲಿ ಅಡುಗೆ ಮಾಡುವುದು, ಹಂದಿಮಾಂಸ ತಿನ್ನದಿರುವುದು. ಸಾಕ್ಷಿ ಹೇಳುವವರು ನೆರೆಮನೆಯವರು, ಮನೆಗೆಲಸದವರು. ಅಂದರೆ ಪಕ್ಕದ ಮನೆಯ ಒಲೆಯ ವಾಸನೆ ನ್ಯಾಯಪೀಠದ ಮುಂದೆ ದಾಖಲೆಯಾಗಬಲ್ಲ ಊರು ಇದು. ನನಗೆ ತಪ್ಪುತ್ತಿದ್ದದ್ದು ಒಂದು ಕೋಣೆ, ಅವರಿಗೆ ಆಸ್ತಿ ಮತ್ತು ಪ್ರಾಣ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಅವಿವೇಕ ನನಗಿಲ್ಲ. ಆದರೂ ಕಿಟಕಿ ಮುಚ್ಚಿ ಉಂಡವರಿಗೆ ಆ ಪಟ್ಟಿಯನ್ನು ಓದುವಾಗ ಬೇರೆಯವರಿಗೆ ಕೇಳಿಸದ ಏನೋ ಕೇಳಿಸುತ್ತದೆ. ಅವರು ತಿಂದು ತೋರಿಸಬೇಕಿತ್ತು, ನಾನು ತಿನ್ನದೆ ತೋರಿಸಬೇಕಿತ್ತು.

ಈ ಊರಿನ ಬಾರುಗಳಲ್ಲಿ ತೂಗುವ ತೊಡೆಗಳನ್ನೆಲ್ಲ ಇನ್‌ಕ್ವಿಸಿಷನ್ ತೂಗುಹಾಕಿತು ಎಂದು ಹೇಳುತ್ತಿಲ್ಲ. ಹಂದಿ ಅಲ್ಲಿ ಮೊದಲಿಂದಲೂ ಇತ್ತು, ರುಚಿಗೆ ರುಚಿಯೇ ಕಾರಣ. ಆದರೆ ಯಹೂದಿ ಕೇರಿಯ ನಡುವೆ, ಸಿನಗಾಗಿನಿಂದ ಐದು ನಿಮಿಷದ ದೂರದಲ್ಲಿ, ಮೂರು ಸಂಸ್ಕೃತಿಗಳ ಸಾಮರಸ್ಯದ ಕಥೆ ಕೇಳಿದ ಬಾಯಿಗೆ ಹಂದಿಮಾಂಸ ಇಡುವ ನಡಿಗೆಗೆ ಅದರ ಅರ್ಥ ಹೊಳೆಯದೇ ಹೋಗಿದೆ. ಮೂರರಲ್ಲಿ ಎರಡು ಸಂಸ್ಕೃತಿಗಳು ಆ ತಟ್ಟೆ ಮುಟ್ಟುವುದಿಲ್ಲವಲ್ಲ.

ಮೂರು ಸಂಸ್ಕೃತಿಗಳ ಈ ಮಾತಿಗೊಂದು ಹಿನ್ನೆಲೆಯಿದೆ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ದೇಶ ಬಿಟ್ಟ ಅಮೇರಿಕೊ ಕಾಸ್ತ್ರೊ 1948ರಲ್ಲಿ ಬರೆದ ಪುಸ್ತಕದಲ್ಲಿ, ಸ್ಪೇನ್ ಎಂಬುದು ರೂಪುಗೊಂಡದ್ದೇ ಕ್ರೈಸ್ತ, ಮುಸ್ಲಿಂ, ಯಹೂದಿ ಬದುಕುಗಳ ಒಡನಾಟದಿಂದ ಎಂದು ವಾದಿಸಿದರು. ಅವರಂತೆಯೇ ದೇಶ ಬಿಟ್ಟಿದ್ದ ಕ್ಲಾಡಿಯೊ ಸಾಂಚೆಸ್-ಅಲ್ಬೊರ್ನೋಸ್ 1956ರಲ್ಲಿ ಇದನ್ನು ಖಂಡಿಸಿ ಇನ್ನೂ ದಪ್ಪದ ಪುಸ್ತಕ ಬರೆದರು. ಕಾಸ್ತ್ರೊ ಈ ಮೂರು ಸಮುದಾಯಗಳನ್ನು ಕರೆದದ್ದು ಕಾಸ್ತಾ ಎಂದು. ಇದೇ ಪದ ಪೋರ್ಚುಗೀಸರ ಬಾಯಲ್ಲಿ ಗೋವೆಗೆ ಬಂದು, ಮುಂದೆ ಇಂಗ್ಲಿಷಿನಲ್ಲಿ ಕಾಸ್ಟ್ ಎಂದಾಗಿ, ನಮ್ಮ ಅರ್ಜಿ ಫಾರಂಗಳಲ್ಲಿ ಈಗಲೂ ಕೂತಿದೆ. ಒಡನಾಟ ಎಂದ ಕೂಡಲೇ ಕಣ್ಣಿಗೆ ಬರುವ ಚಿತ್ರವನ್ನು ಈ ಪದ ಸ್ವಲ್ಪ ಕದಲಿಸಬೇಕು. 1449ರಲ್ಲಿ ಇದೇ ಟೊಲೇಡೊದಲ್ಲಿ, ಯಹೂದಿ ಮೂಲದ ಕ್ರೈಸ್ತರು ಊರಿನ ಯಾವ ಅಧಿಕಾರದ ಹುದ್ದೆಯನ್ನೂ ಹಿಡಿಯಕೂಡದೆಂದು ಶಾಸನ ಮಾಡಿದರು. ಮತಾಂತರವಾದರೂ ಸಾಲದು, ರಕ್ತ ಶುದ್ಧವಿರಬೇಕು. 1547ರಲ್ಲಿ ಕ್ಯಾಥೆಡ್ರಲ್ ಕೂಡ ಅಂಥದೇ ನಿಯಮ ತಂದಿತು. ನಡಿಗೆಯಲ್ಲಿ ಈ ಎರಡು ಇಸವಿಗಳೂ ಇಲ್ಲ. 1492 ಇದೆ, ಅದು ಹೇಗೂ ಎಲ್ಲರಿಗೂ ಗೊತ್ತಿರುವುದರಿಂದ.

ಹಾಗಾದರೆ ಈ ಊರಿನ ಕಥೆಯನ್ನು, ಊಟವನ್ನೂ ಬಿಡದೆ, ಚೆನ್ನಾಗಿ ಹೇಳಿದವರು ಯಾರೂ ಇಲ್ಲವೇ? ಇದ್ದಾನೆ. ನಮ್ಮ ನಡಿಗೆ ಶುರುವಾದ ಚೌಕದ ಪಕ್ಕದ ಕಮಾನಿನ ಕೆಳಗೆ ಅವನ ಪ್ರತಿಮೆಯಿದೆ. ನಮ್ಮ ಗುಂಪು ಅದರ ಜೊತೆ ಸೆಲ್ಫಿ ತೆಗೆದುಕೊಂಡು ಮುಂದೆ ಹೋಗಿತ್ತು.

1605ರಲ್ಲಿ ಬಂದ 'ಡಾನ್ ಕ್ವಿಕ್ಸೋಟ್'ನ ಮೊದಲ ಭಾಗದ ಒಂಬತ್ತನೆಯ ಅಧ್ಯಾಯದಲ್ಲಿ ಕಥೆ ತಟ್ಟನೆ ನಿಂತಿರುತ್ತದೆ. ಇಬ್ಬರು ಕತ್ತಿ ಎತ್ತಿ ನಿಂತಿದ್ದಾರೆ, ಮುಂದೆ ಏನಾಯಿತು ಎಂಬುದರ ಹಸ್ತಪ್ರತಿ ನಿರೂಪಕನಿಗೆ ಸಿಕ್ಕಿಲ್ಲ. ಒಂದು ದಿನ ಟೊಲೇಡೊದ ಅಲ್ಕಾನಾ ಪೇಟೆಯಲ್ಲಿ ಹುಡುಗನೊಬ್ಬ ಹಳೆಯ ಕಾಗದಗಳನ್ನು ಮಾರಲು ಬರುತ್ತಾನೆ. ಅಕ್ಷರ ಅರಬಿ. ಓದಿ ಹೇಳಲು ಒಬ್ಬ ಮೊರಿಸ್ಕೊ, ಅಂದರೆ ಮತಾಂತರಗೊಂಡ ಮುಸ್ಲಿಂ ಮೂಲದವನು, ಬೇಕು. ಅಂಥವನು ಸುಲಭವಾಗಿ ಸಿಗುತ್ತಾನೆ. ಅದಕ್ಕಿಂತ ಹಳೆಯ ಭಾಷೆ ಬಲ್ಲವನನ್ನು ಹುಡುಕಿದ್ದರೂ ಸಿಗುತ್ತಿದ್ದ ಎಂದು ನಿರೂಪಕ ಪಕ್ಕದಲ್ಲೇ ಸೇರಿಸುತ್ತಾನೆ. ಆ ಹಳೆಯ ಭಾಷೆ ಹೀಬ್ರೂ. ಯಹೂದಿಗಳನ್ನು ಹೊರಗಟ್ಟಿ ನೂರು ವರ್ಷ ದಾಟಿದ ಮೇಲೆ ಬರೆದ ಮಾತಿದು!

ಮೊರಿಸ್ಕೊ ಕಾಗದ ತೆರೆದವನೇ ನಗತೊಡಗುತ್ತಾನೆ. ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿಯೊಂದಿದೆ: ಈ ದುಲ್ಸಿನೇಯಾ ಎಂಬವಳು ಹಂದಿಮಾಂಸಕ್ಕೆ ಉಪ್ಪು ಹಚ್ಚುವುದರಲ್ಲಿ ಲಾ ಮಾಂಚಾ ಸೀಮೆಯಲ್ಲೇ ಎತ್ತಿದ ಕೈಯಂತೆ. ನಾಯಕ ಪೂಜಿಸುವ ಸುಂದರಿಯ ಬಗ್ಗೆ ಇಡೀ ಹಸ್ತಪ್ರತಿಯಿಂದ ನಮಗೆ ಮೊದಲು ಸಿಗುವ ಮಾಹಿತಿ ಇದು. ಅರಬಿಯಲ್ಲಿ ಬರೆದ, ಮುಸ್ಲಿಂ ಹಿನ್ನೆಲೆಯವನೊಬ್ಬ ಗಟ್ಟಿಯಾಗಿ ಓದಿದ, ಹಂದಿಯ ಉಪ್ಪಿನ ಮಾತು. ಆ ನಗುವಿಗೆ ಎಷ್ಟು ಅರ್ಥ ಎಂದು ಸೆರ್ವಾಂಟಿಸ್ ಹೇಳುವುದಿಲ್ಲ. ಮುಂದೆ ನಿರೂಪಕ ಆ ಮೊರಿಸ್ಕೊನನ್ನು ಕ್ಯಾಥೆಡ್ರಲ್ಲಿನ ಕೈಸಾಲೆಗೆ ಕರೆದೊಯ್ದು ವ್ಯವಹಾರ ಕುದುರಿಸುತ್ತಾನೆ. ಅನುವಾದಕ್ಕೆ ಕೂಲಿ ಎರಡು ಅರ್ರೋಬ ಒಣದ್ರಾಕ್ಷಿ, ಅಂದರೆ ಸುಮಾರು 23 ಕಿಲೊ, ಮತ್ತು ಎರಡು ಫಾನೇಗ ಗೋಧಿ. ಎಲ್ಲಿ ಕೈತಪ್ಪಿ ಹೋಗುತ್ತಾನೋ ಎಂದು ಅವನನ್ನು ಮನೆಗೇ ಕರೆದುಕೊಂಡು ಹೋಗಿ ಇಟ್ಟುಕೊಳ್ಳುತ್ತಾನೆ. ಒಂದೂವರೆ ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಅನುವಾದಕನಿಗೆ ಹೆಸರಿಲ್ಲ.

ಎರಡು ಪುಟಗಳಲ್ಲಿ ಪೇಟೆ, ಭಾಷೆ, ಭಯ, ನಗು, ಕೂಲಿ, ಹಂದಿ ಎಲ್ಲ ಬಂತು. ಮಾರ್ಗದರ್ಶಕಿಯ ಪೆನ್ಸಿಲ್ಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು, ನಾನೇ ಎರಡು ಸಲ ಓದಿ ದಾಟಿದ್ದೆ. 12ನೆಯ ಶತಮಾನದ ಟೊಲೇಡೊದಲ್ಲಿ ಅವರು ಒಟ್ಟಿಗೆ ಕೂತದ್ದು ನಿಜ. ಯಹೂದಿ ವಿದ್ವಾಂಸ ಅವೆಂದೌತ್ ಅರಬಿಯ ಒಂದೊಂದು ಪದವನ್ನೂ ಆಡುಮಾತಿನಲ್ಲಿ ಹೇಳುತ್ತಿದ್ದ, ಪಾದ್ರಿ ಗುಂಡಿಸಾಲ್ವಿ ಅದನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ. ಟಾಲೆಮಿಯ 'ಅಲ್ಮಜೆಸ್ಟ್' ಹುಡುಕಿಕೊಂಡು ಇಟಲಿಯಿಂದ ಬಂದ ಕ್ರೆಮೋನಾದ ಜೆರಾರ್ಡ್ 70ಕ್ಕೂ ಹೆಚ್ಚು ಕೃತಿಗಳನ್ನು ಅನುವಾದಿಸಿದನೆಂದು ಅವನ ಶಿಷ್ಯರು ಪಟ್ಟಿ ಮಾಡಿದರು. ಅವನ ಪಕ್ಕದಲ್ಲಿ ಗಾಲಿಬ್ ಎಂಬ ಅರಬಿ ಮಾತಿನ ಸ್ಥಳೀಯ ಕ್ರೈಸ್ತನೊಬ್ಬನಿದ್ದ ಎಂಬುದು ಇನ್ನೊಬ್ಬ ಪ್ರವಾಸಿ ವಿದ್ವಾಂಸನ ಮಾತಿನಿಂದ ಮಾತ್ರ ಗೊತ್ತು. ಒಬ್ಬ ಹೇಳುವವನು, ಒಬ್ಬ ಬರೆಯುವವನು, ಹೆಸರು ಉಳಿದದ್ದು ಹೆಚ್ಚಾಗಿ ಬರೆದವನದು. ಇದಕ್ಕೆ 'ಅನುವಾದಕರ ಶಾಲೆ' ಎಂದು ಹೆಸರಿಟ್ಟದ್ದೂ 19ನೆಯ ಶತಮಾನದ ವಿದ್ವಾಂಸರು; ಕಟ್ಟಡ, ಹಾಜರಿ, ಗಂಟೆ ಇದ್ದ ಶಾಲೆ ಅದಾಗಿರಲಿಲ್ಲ. ನನ್ನ ಪ್ಯಾರಾದಲ್ಲಿ ಶಾಲೆಯೂ ಇತ್ತು, ಸಾಮರಸ್ಯವೂ ಇತ್ತು, ಕೂಲಿ ಇರಲಿಲ್ಲ. ಗೈಡ್ ಮೇಲೆ ಮಾಡಿದ ಟೀಕೆಯಲ್ಲಿ ಅರ್ಧ ಪಾಲು ನನಗೂ ಸಲ್ಲಬೇಕು.

ಸೆರ್ವಾಂಟಿಸ್‌ನ ಕಾದಂಬರಿ ಬಂದ ನಾಲ್ಕು ವರ್ಷಕ್ಕೆ, 1609ರಲ್ಲಿ, ಮೊರಿಸ್ಕೊಗಳನ್ನೂ ಸ್ಪೇನಿನಿಂದ ಹೊರಹಾಕತೊಡಗಿದರು. ಒಣದ್ರಾಕ್ಷಿಯ ಕೂಲಿಗೆ ಒಪ್ಪಿದ ಆ ಕಾಲ್ಪನಿಕ ಮನುಷ್ಯನಂಥ ನಿಜದ ಮನುಷ್ಯರು ಹಡಗು ಹತ್ತಿದರು.

ಮೂರನೆಯ ತಾಪಾ ಸಿಹಿ. ಬಾದಾಮಿ ಮತ್ತು ಸಕ್ಕರೆ ಅರೆದು ಮಾಡಿದ ಮಸಪಾನ್. 1212ರ ಯುದ್ಧದ ನಂತರ ಗೋಧಿ ಇಲ್ಲದ ಕಾಲದಲ್ಲಿ ಸಾನ್ ಕ್ಲೆಮೆಂತೆ ಮಠದ ಸನ್ಯಾಸಿನಿಯರು ಉಗ್ರಾಣದಲ್ಲಿದ್ದ ಬಾದಾಮಿ ಸಕ್ಕರೆಯನ್ನು ಕುಟ್ಟಿ ಜನರಿಗೆ ಹಂಚಿದರು ಎಂಬುದು ಗೈಡ್ ಹೇಳಿದ ಕಥೆ. ಗೋಧಿಯಿಲ್ಲದ ಊರಿನಲ್ಲಿ ಸಕ್ಕರೆ ಧಾರಾಳವಾಗಿತ್ತು ಎಂಬ ಕಥೆಯನ್ನು ನಂಬಲು ಭಕ್ತಿ ಬೇಕು. ಕಬ್ಬನ್ನು ಆ ನಾಡಿಗೆ ತಂದವರು ಅರಬರು, ಅಸುಕಾರ್ ಎಂಬ ಹೆಸರೂ ಅವರದೇ, ಅವರಿಗೆ ಅದು ಹೋದದ್ದು ನಮ್ಮ ಶರ್ಕರದಿಂದ. ಅಂಗಡಿಯ ಫಲಕದಲ್ಲಿ ನಾನು ಎಡವದೆ ಓದಿದ ಒಂದೇ ಒಂದು ಸ್ಪ್ಯಾನಿಷ್ ಪದ ಅದು.

ನಡಿಗೆ ಮುಗಿದ ಮೇಲೆ ಎಲ್ಲರೂ ಟಿಪ್ಸ್ ಕೊಟ್ಟು ಚದುರಿದರು. ನಾನು ನಿಂತೆ. ಹಂದಿಯ ಬಗ್ಗೆ, ಆ ಪಟ್ಟಿಯ ಬಗ್ಗೆ ಯಾಕೆ ಹೇಳುವುದಿಲ್ಲ ಎಂದು ಆದಷ್ಟು ಮೆತ್ತಗೆ ಕೇಳಿದೆ. ಗೈಡ್ ಕೊಡೆ ಮಡಚುತ್ತ, 'ಮೊದಲ ವರ್ಷ ಹೇಳುತ್ತಿದ್ದೆ. ಜನ ತಟ್ಟೆ ಪಕ್ಕಕ್ಕಿಟ್ಟರು. ಬಾರಿನವರು ನಮ್ಮ ಏಜೆನ್ಸಿಗೆ ಫೋನ್ ಮಾಡಿದರು' ಎಂದರು. ಸ್ವಲ್ಪ ತಡೆದು, 'ಯಹೂದಿ ಕೇರಿಗೆ ನನಗೆ ಇರುವುದು ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷದಲ್ಲಿ ನೀವಾದರೆ ಏನು ಹೇಳುತ್ತೀರಿ?' ಎಂದು ಕೇಳಿದರು. ಮ್ಯಾಡ್ರಿಡ್‌ನಲ್ಲಿ ನಾನು ಓದಿದ ಪ್ರಬಂಧಕ್ಕೂ ಇದ್ದದ್ದು ಇಪ್ಪತ್ತೇ ನಿಮಿಷ. ಅದರಲ್ಲಿ ನಾನೂ ಟೊಲೇಡೊವನ್ನು 'ಸಂಗಮ' ಎಂದು ಕರೆದು ಚಪ್ಪಾಳೆ ಗಿಟ್ಟಿಸಿದ್ದೆ. ಉತ್ತರ ಹೊಳೆಯದೆ ಅವರ ಕೈಗೆ ಹತ್ತು ಯೂರೋ ಕೊಟ್ಟೆ. ಮೂರು ಗಂಟೆ ಒಂದು ಭಾಷೆಯ ಊರನ್ನು ಇನ್ನೊಂದು ಭಾಷೆಯಲ್ಲಿ ಹೇಳಿದ ಕೂಲಿ.

ರೈಲಿಗೆ ಇನ್ನೂ ಹೊತ್ತಿತ್ತು. ಟಿಕೆಟ್ ಕೊಂಡು ಕ್ಯಾಥೆಡ್ರಲ್ಲಿನ ಕೈಸಾಲೆಗೆ ಹೋದೆ. ಹಳೆಯ ಅಲ್ಕಾನಾ ಪೇಟೆಯ ನೆಲದ ಮೇಲೆಯೇ 14ನೆಯ ಶತಮಾನದ ಕೊನೆಯಲ್ಲಿ ಎದ್ದ ಕಟ್ಟಡ ಅದು. ನಡುವೆ ಹಸಿರು ಅಂಗಳ, ನಾಲ್ಕೂ ಸುತ್ತ ಕಮಾನುಗಳ ನೆರಳು. ಶಾಲೆಯ ಮಕ್ಕಳ ಗುಂಪೊಂದು ಗೋಡೆಯ ಚಿತ್ರಗಳನ್ನು ನೋಡದೆ ತಮ್ಮತಮ್ಮಲ್ಲೇ ಪಿಸುಗುಡುತ್ತಿತ್ತು. ವ್ಯವಹಾರ ಕುದುರಿಸಲು ಒಳ್ಳೆಯ ಜಾಗ, ದನಿ ತಗ್ಗಿಸಿದರೆ ಪಕ್ಕದವರಿಗೂ ಕೇಳುವುದಿಲ್ಲ. ಒಂದು ಸುತ್ತು ಹಾಕಿ ಬಂದೆ.

ರೈಲಿನಲ್ಲಿ ಲ್ಯಾಪ್‌ಟಾಪ್ ತೆಗೆದು ಆ ಪ್ಯಾರಾವನ್ನು ಅಳಿಸಿದೆ. ಅದರ ಜಾಗದಲ್ಲಿ ಸದ್ಯಕ್ಕೆ 'ಗಾಲಿಬ್' ಎಂಬ ಒಂದು ಹೆಸರಿದೆ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮೇಡಂ ಹೊಸ ಕರಡನ್ನು ಮುಂದಿನ ಗುರುವಾರಕ್ಕೆ ಕೇಳಿದ್ದಾರೆ.